ಹೂ ಮುಡಿಯದೆ ಹದ್ದುಬಂಡೆಗೆ

ದೊಡ್ಡಬೆಳವಂಗಲ
೧೦–೨–೧೯೪೬

ಅಳಿಯಂದಿರಾದ ಚಿನ್ನಸ್ವಾಮಿಯವರಿಗೆ ನಿಮ್ಮ ಅತ್ತೆ ಕದಿರಮ್ಮ ಮಾಡುವ ಆಶೀರ್ವಾದ. ಇಲ್ಲಿ ನಾವಿಬ್ಬರೂ ದನಕರುಗಳೂ ಚೆನ್ನಾಗಿದ್ದೇವೆ. ಅಲ್ಲಿ ನೀವೂ ನಿಮ್ಮ ತಾಯಿಯವರೂ ನಮ್ಮ ಅನುಸೂಯಳೂ ಚೆನ್ನಾಗಿರಬೇಕು.

ಅತ್ತೆಯಾದವಳು ಅಳಿಯನಿಗೆ ಕಾಗದ ಬರೆಯುವ ಪದ್ಧತಿ ನಮ್ಮ ಕಡೆ ಇಲ್ಲ. ಮದುವೆಯಾಗಿ ವರ್ಷ ತುಂಬುತ್ತ ಬಂತು, ನೀವು ಬಂದಾಗಲೆಲ್ಲ ನಾನು ಅಡಿಗೆಮನೆ ಬಾಗಿಲ ಹಿಂದೆಯೇ. "ಇನ್ನೊಂದು ಒಬ್ಬಟ್ಟು ಹಾಕಿಸ್ಕೊಳ್ಳೋಕೆ ಹೇಳಿ" ಎಂದು ನಾನು ನಿಮ್ಮ ಮಾವನವರಿಗೆ ಹೇಳುತ್ತೇನೆ. ಅವರು ನಿಮಗೆ ಹೇಳುತ್ತಾರೆ. ನೀವು ಬೇಡವೆಂದು ಅವರಿಗೆ ಹೇಳುತ್ತೀರಿ. ಅವರು ತಿರುಗಿ ನನಗೆ ಹೇಳುವ ಹೊತ್ತಿಗೆ ಒಬ್ಬಟ್ಟು ಆರಿಹೋಗಿರುತ್ತದೆ. ಊಟದ ವಿಷಯಕ್ಕೆ ಇಷ್ಟು ಸಾಕು. ಈಗ ಹೇಳಬೇಕಾದ್ದು ದೊಡ್ಡದು. ನಿಮ್ಮ ಮಾವನವರ ಬಾಯಲ್ಲಿ ಕಳಿಸಿದರೆ ಅರ್ಧ ದಾರಿಯಲ್ಲೇ ಉದುರಿಹೋಗುತ್ತದೆ. ಕಾಗದಕ್ಕೆ ಬಾಗಿಲಿಲ್ಲವಲ್ಲ ಎಂದು ಧೈರ್ಯ ಮಾಡಿದ್ದೇನೆ. ಕಾರ್ಡು ಹಾಕಿದರೆ ಟಪಾಲಿನವನಿಂದ ಹಿಡಿದು ಊರೆಲ್ಲ ಓದುತ್ತದೆ ಎಂದು ಕವರು ತರಿಸಿದೆ.

ನೀವು ದಂಡುಪ್ರದೇಶದಲ್ಲಿ ಯುದ್ಧದ ಸಾಮಾನು ಹರಾಜಾದಾಗ ಒಂದು ದುರ್ಬೀನು ತಂದಿದ್ದೀರಂತೆ. ಭಾನುವಾರ ಬಂದರೆ ಸೈಕಲ್ ಹತ್ತಿ ಕೆರೆ, ಗುಂಡುತೋಪು, ಕಲ್ಲುಗುಡ್ಡ ಸುತ್ತುತ್ತೀರಂತೆ. ಹುಲ್ಲಿನಲ್ಲಿ ಬೋರಲು ಮಲಗಿ ಹಕ್ಕಿ ನೋಡಿ ಅದರ ಚಿತ್ರ ಬರೆಯುತ್ತೀರಂತೆ. ಅನುಸೂಯ ಇದನ್ನೆಲ್ಲ ಹೆಮ್ಮೆಯಿಂದ ಬರೆದಿದ್ದಾಳೆ. ಓದಿ ನನಗೆ ಎದೆ ಧಸಕ್ಕೆಂದಿತು. ಮೇಷ್ಟರಾದವರು ಹಕ್ಕಿಯನ್ನು ಕತ್ತೆತ್ತಿ ನೋಡುತ್ತೀರಿ, ಸರಿ. ಕಾಲ ಕೆಳಗೆ ಯಾರು ನೋಡುತ್ತಾರೆ? ಬಿಸಿಲು ಏರುತ್ತಿದೆ. ಈಗ ಹಾವು ತಂಪು ಹುಡುಕಿಕೊಂಡು ಪೊದೆಗೂ ಬಂಡೆಯ ಸಂದಿಗೂ ಬರುತ್ತದೆ. ಮಲಗುವ ಮುಂಚೆ ಕೋಲಿನಿಂದ ಹುಲ್ಲನ್ನು ಬಡಿಯಿರಿ. ಕಾಣದ ಕಡೆ ಕೈ ಇಡಬೇಡಿ. ಮೆಟ್ಟು ಬಿಚ್ಚಿಟ್ಟಿದ್ದರೆ ಒದರಿ ಮೆಟ್ಟಿಕೊಳ್ಳಿ, ಚೇಳಿಗೆ ಮೇಷ್ಟರು ಯಾರು ರೈತ ಯಾರು ಗೊತ್ತಾಗುವುದಿಲ್ಲ.

ನನಗೆ ಗಂಡುಮಕ್ಕಳಿಲ್ಲ. ಗದರುವುದಕ್ಕೆ ಒಬ್ಬರು ಸಿಕ್ಕಿದ್ದೀರಿ ಎಂದು ಗದರಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಇಂತಿ ಆಶೀರ್ವಾದಗಳು,
ಕದಿರಮ್ಮ


ಸಮೇತನಹಳ್ಳಿ
೨೪–೨–೧೯೪೬

ಪೂಜ್ಯ ಅತ್ತೆಯವರಿಗೆ ಚಿನ್ನಸ್ವಾಮಿಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮೊದಲು ನಾನು ಓದಿದೆ, ಆಮೇಲೆ ಅನುಸೂಯ ಓದಿ ನಕ್ಕಳು, ಆಮೇಲೆ ಅಮ್ಮನಿಗೆ ಓದಿ ಹೇಳಿದೆವು. ಅಮ್ಮ "ನಾನು ಬಾಯಿ ನೋಯೋಷ್ಟು ಹೇಳಿದ್ದನ್ನೇ ಆ ಯಮ್ಮ ಬರ್ದವ್ರೆ, ಈಗಲಾದ್ರೂ ಕೇಳು" ಎಂದರು. ಒಬ್ಬ ಅಳಿಯನ ಮೇಲೆ ಇಬ್ಬರು ತಾಯಂದಿರು ಸೇರಿಕೊಂಡಂತಾಯಿತು. ಬಾಗಿಲ ಹಿಂದಿನಿಂದ ಅಷ್ಟು ಮೆಲ್ಲಗೆ ಮಾತಾಡುವವರು ಕಾಗದದಲ್ಲಿ ಇಷ್ಟು ಜೋರೆಂದು ನನಗೆ ಗೊತ್ತಿರಲಿಲ್ಲ.

ನಿಮ್ಮ ಮಾತಿನಂತೆ ಕೋಲು ಕಡಿದಿಟ್ಟುಕೊಂಡಿದ್ದೇನೆ. ಕಳೆದ ಭಾನುವಾರ ಹೊಸಕೋಟೆ ಕೆರೆಯ ಏರಿಯ ಮೇಲೆ ಹುಲ್ಲು ಬಡಿದೆ. ಹಾವು ಇರಲಿಲ್ಲ. ನಾನು ನೋಡಲು ಬಂದಿದ್ದ ಹಕ್ಕಿಗಳೆಲ್ಲ ಎದ್ದು ಹಾರಿಹೋದವು. ಪ್ರಾಣ ಉಳಿಯಿತು, ಚಿತ್ರ ಹೋಯಿತು.

ನನಗೆ ಈ ಹುಚ್ಚು ಯಾಕೆ ಹಿಡಿಯಿತೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕ್ಲಾಸಿನಲ್ಲಿ ದಿನವೆಲ್ಲ ಕೂಗಿ ಕೂಗಿ ಸಾಕಾಗುತ್ತದೆ. ದುರ್ಬೀನು ಕಣ್ಣಿಗಿಟ್ಟರೆ ಬಾಯಿ ತಾನಾಗಿ ಮುಚ್ಚುತ್ತದೆ. ಅಷ್ಟೇ ಕಾರಣ.

ಒಂದು ಪ್ರಶ್ನೆ. ನಿಮ್ಮೂರ ಹಿಂದೆ ಹದ್ದುಬಂಡೆ ಎಂಬ ಕಲ್ಲುಗುಡ್ಡ ಇದೆಯಲ್ಲ, ಅಲ್ಲಿ ಹದ್ದು ಈಗಲೂ ಗೂಡು ಕಟ್ಟುತ್ತದೆಯೇ? ಮಾವನವರನ್ನು ಕೇಳಿದರೆ "ಹೆಸರು ಉಳ್ಕೊಂಡೈತೆ, ಹದ್ದು ಹೋಯ್ತು" ಎಂದರು. ನನಗೆ ನಂಬಿಕೆಯಿಲ್ಲ. ಯುಗಾದಿಗೆ ಬಂದಾಗ ಹತ್ತಿ ನೋಡಬೇಕೆಂದಿದ್ದೇನೆ. ಬಂಡೆಯ ಮೇಲಿನ ಹದ್ದಿನ ಮರಿಯನ್ನು ಬರೆಯಬೇಕೆಂಬುದು ನನಗೆ ಬಹಳ ದಿನದ ಆಸೆ.

ನಿಮ್ಮ ಗದರಿಕೆಯನ್ನು ಎದುರು ನೋಡುವ
ಚಿನ್ನಸ್ವಾಮಿ


ದೊಡ್ಡಬೆಳವಂಗಲ
೧೭–೩–೧೯೪೬

ಅಳಿಯಂದಿರಿಗೆ ಕದಿರಮ್ಮನ ಆಶೀರ್ವಾದ.

ಯುಗಾದಿಗೆ ನೀವು ಬರುತ್ತೀರೆಂದು ಗೋಡೆಗೆ ಸುಣ್ಣ ಬಳಿಸುತ್ತಿದ್ದೇನೆ. ಮದುವೆಯಾದ ಮೇಲೆ ಮೊದಲನೇ ಯುಗಾದಿ. ಹೊಸ ಅಳಿಯನಿಗೆ ಏನೇನು ಮಾಡಬೇಕೋ ಅದರಲ್ಲಿ ಒಂದೂ ಕಡಿಮೆಯಾಗಬಾರದೆಂದು ನಿಮ್ಮ ಮಾವನವರನ್ನು ದೊಡ್ಡಬಳ್ಳಾಪುರದ ಸಂತೆಗೆ ಓಡಾಡಿಸಿ ಸುಸ್ತು ಮಾಡಿದ್ದೇನೆ.

ಹದ್ದುಬಂಡೆಗೆ ಹೋಗಬೇಡಿ ಎಂದರೆ ನೀವು ಹೋಗದೆ ಇರುತ್ತೀರಾ? ಇಲ್ಲ. ಅದಕ್ಕೇ ಕೇಳಿ. ಹದ್ದು ಇದೆಯೋ ಇಲ್ಲವೋ ನನಗೆ ತಿಳಿಯದು, ಹೆಜ್ಜೇನು ಇದೆ. ಪಡುವಣ ಕಡೆ ಬಂಡೆ ಮುಂದಕ್ಕೆ ಚಾಚಿದೆಯಲ್ಲ, ಅದರಡಿಯಲ್ಲಿ ಮೊರದಗಲದ ಹುಟ್ಟುಗಳು ನೇತಾಡುತ್ತವೆ. ಹೊಂಗೆ ಹೂ ಬಿಡುವ ಕಾಲ, ಈಗ ತುಂಬಿಕೊಂಡಿರುತ್ತವೆ. ಅಲ್ಲಿ ಬೀಡಿ ಸೇದಬಾರದು, ಒಲೆ ಹಚ್ಚಬಾರದು, ಕಲ್ಲು ಉರುಳಿಸಬಾರದು, ಕೂಗಬಾರದು. ಒಂದು ಜೇನು ಬಂದು ಮುಖದ ಸುತ್ತ ಸುಳಿದರೆ ಕೈ ಬೀಸದೆ ಮೆಲ್ಲಗೆ ಹಿಂದಕ್ಕೆ ಬಂದುಬಿಡಿ. ಅದು ನೋಡಿಕೊಂಡು ಹೋಗಲು ಬಂದಿರುತ್ತದೆ, ಹೊಡೆದರೆ ಮಿಕ್ಕವನ್ನು ಕರೆಯುತ್ತದೆ. ಎಲ್ಲ ಎದ್ದುಬಿಟ್ಟರೆ ಮುಖ ಮುಚ್ಚಿಕೊಂಡು ದಟ್ಟ ಪೊದೆಗೆ ನುಗ್ಗಬೇಕು. ನೀರಿಗೆ ಹಾರುವುದು ಬೇಡ, ತಲೆ ಎತ್ತುವವರೆಗೆ ಅವು ಮೇಲೆಯೇ ಕಾದಿರುತ್ತವೆ.

ಇಷ್ಟು ಹೇಳಿದ್ದೇನೆ. ಬಿಟ್ಟದ್ದು ಏನೂ ಇಲ್ಲ ಎಂದುಕೊಂಡಿದ್ದೇನೆ. ಬೇಗ ಬನ್ನಿ.

ಇಂತಿ,
ಕದಿರಮ್ಮ


ಸಮೇತನಹಳ್ಳಿ
೧೫–೪–೧೯೪೬

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಅಕ್ಷರ ವಕ್ರವಾಗಿದೆ, ಕ್ಷಮಿಸಿ. ಬೆರಳುಗಳ ಊತ ಈಗ ಇಳಿಯುತ್ತಿದೆ. ಕಣ್ಣು ಮೊನ್ನೆಯೇ ಬಿಟ್ಟಿತು. ಹೊಸಕೋಟೆಯ ಡಾಕ್ಟರು ಬಂದು ನೋಡಿ ಗಾಬರಿಯಿಲ್ಲ ಎಂದಿದ್ದಾರೆ.

ಗುಡ್ಡಕ್ಕೆ ನೀವು ಬಂದ ಮೇಲಿನದು ನಿಮಗೆ ಗೊತ್ತು. ಅದಕ್ಕೆ ಮುಂಚಿನದು ಯಾರಿಗೂ ಗೊತ್ತಿಲ್ಲ, ಬರೆದರೆ ನನ್ನ ಮನಸ್ಸಿಗೂ ಹಗುರ. ಹಬ್ಬದ ಮರುದಿನ ತೊಡಕೆಂದು ಊರ ಗಂಡಸರೆಲ್ಲ ಬೆಳಿಗ್ಗೆಯೇ ಮೊಲದ ಬೇಟೆಗೆ ಹೊರಟರು. ನಾನು ದುರ್ಬೀನು ನೇತುಹಾಕಿಕೊಂಡು ಗುಡ್ಡದ ಕಡೆ ನಡೆದೆ. ಬೀಡಿ ಇರಲಿಲ್ಲ, ಬೆಂಕಿ ಇರಲಿಲ್ಲ, ಒಂದು ಕಲ್ಲೂ ಉರುಳಲಿಲ್ಲ. ನಿಮ್ಮ ಕಾಗದದಲ್ಲಿದ್ದ ಒಂದು ಮಾತನ್ನೂ ಮೀರಲಿಲ್ಲ. ಚಾಚುಬಂಡೆಯ ಮೇಲೊಂದು ಗೂಡಿನ ಕಡ್ಡಿಗಳು ಕಂಡ ಹಾಗಾಯಿತು. ಸರಿಯಾಗಿ ಕಾಣಲಿಲ್ಲವೆಂದು ಹತ್ತಿರ ಹೋದೆ. ಇನ್ನೂ ಹತ್ತಿರ ಹೋದೆ. ಒಂದು ಜೇನು ಬಂದು ಕಿವಿಯ ಹತ್ತಿರ ಸುಳಿಯಿತು. ನಾನು ಕೈ ಬೀಸದೆ ಹಿಂದಕ್ಕೆ ಬಂದೆ. ಅದು ಹೋಗಲಿಲ್ಲ. ಇನ್ನೊಂದು ಬಂತು. ಆಮೇಲೆ ಬಂಡೆಯೇ ಬಿಚ್ಚಿಕೊಂಡಿತು.

ಓಡಿದೆ, ಬಿದ್ದೆ, ಎದ್ದೆ. ಕೈ ಬೀಸಬಾರದೆಂದು ಗೊತ್ತಿದ್ದೂ ಬೀಸಿದೆ. ಆಗ ಕೆಳಗಿನಿಂದ ನಿಮ್ಮ ಕೂಗು ಕೇಳಿಸಿತು. "ಚಿನ್ನಸ್ವಾಮೀ, ಕೈ ಬೀಸ್ಬೇಡ ಕಣೋ, ಮಖ ಮುಚ್ಕೊ, ಬಾ ಈ ಕಡೆ" ಎಂದಿರಿ. ಯಾರ ಧ್ವನಿಯೆಂದು ನನಗೆ ಗೊತ್ತಾಗಲಿಲ್ಲ, ಅಷ್ಟು ಜೋರಾಗಿ ನೀವು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕಂಬಳಿ ನನ್ನ ಮೇಲೆ ಬಿತ್ತು. ಲಂಟಾನದ ಪೊದೆಯೊಳಗೆ ಎಳೆದುಕೊಂಡಿರಿ. ಆ ಮುಳ್ಳಿನಲ್ಲಿ ಒಂದೇ ಕಂಬಳಿಯಡಿ ಕೂತು ಎಷ್ಟು ಹೊತ್ತಾಯಿತೋ. ನಾನು ನರಳಿದಾಗಲೆಲ್ಲ "ಸುಮ್ನಿರಪ್ಪಾ, ಹೋಯ್ತವೆ" ಎನ್ನುತ್ತಿದ್ದಿರಿ.

ನಿಮಗೂ ಕತ್ತಿನ ಹಿಂದೆ ಬಹಳ ಕಡಿದಿವೆ ಎಂದು ಅನುಸೂಯ ಹೇಳಿದಳು. ಈಗ ಹೇಗಿದೆ, ಬರೆಯಿರಿ. ನೀವು ಅಲ್ಲಿಗೆ ಹೇಗೆ ಬಂದಿರಿ ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

ಅಮ್ಮನಿಗೆ ಸ್ವಲ್ಪ ಸಿಟ್ಟಿದೆ. ಇಳಿಯುತ್ತದೆ.

ಪ್ರಾಣ ಉಳಿಸಿಕೊಂಡವನು,
ಚಿನ್ನಸ್ವಾಮಿ


ಸಮೇತನಹಳ್ಳಿ
೧೨–೫–೧೯೪೬

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದವಿಲ್ಲ. ಮಾವನವರಿಗೆ ಹಾಕಿದ ಕಾರ್ಡಿಗೆ "ಎಲ್ಲರೂ ಕ್ಷೇಮ" ಎಂಬ ಎರಡು ಪದ ಬಂದಿದೆ, ಅವರಿಂದ ಅದೇ ಹೆಚ್ಚು.

ಒಂದು ಸಂತೋಷದ ಸುದ್ದಿ, ಅನುಸೂಯಳೇ ನಿಮಗೆ ಬರೆದಿರುತ್ತಾಳೆ. ನೀವು ಅಜ್ಜಿಯಾಗುತ್ತೀರಿ.

ಮಿಕ್ಕಿದ್ದು ಸಂತೋಷದ್ದಲ್ಲ. ಅಮ್ಮನ ಸಿಟ್ಟು ಇಳಿಯಲಿಲ್ಲ. ತೊಡಕಿನ ದಿನ ನಡೆದದ್ದು ವರ್ಷವೆಲ್ಲ ನಡೆಯುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದ್ದಾರೆ. ನಾನು ಆ ಮನೆಯ ಹೊಸ್ತಿಲು ತುಳಿಯಬಾರದಂತೆ, ಅನುಸೂಯಳ ಹೆರಿಗೆಯೂ ಇಲ್ಲೇ ಆಗಬೇಕಂತೆ. ದುರ್ಬೀನನ್ನು ರಾಗಿ ವಾಡೆಯೊಳಗೆ ಹಾಕಿ ಮುಚ್ಚಿದ್ದಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗದಿದ್ದರೆ ಹೇಗೆಂದು ಅನುಸೂಯ ನನ್ನೆದುರು ಕೇಳುವುದಿಲ್ಲ, ಹಿತ್ತಿಲಲ್ಲಿ ಕೂತು ಅಳುತ್ತಾಳೆ.

ಒಂದು ಸಾಲಾದರೂ ಬರೆಯಿರಿ. ಗದರಿದರೂ ಸರಿ.

ಚಿನ್ನಸ್ವಾಮಿ


ದೊಡ್ಡಬೆಳವಂಗಲ
೨೬–೫–೧೯೪೬

ಅಳಿಯಂದಿರಿಗೆ ಕದಿರಮ್ಮನ ಆಶೀರ್ವಾದ.

ಸುದ್ದಿ ಕೇಳಿ ದೇವರ ಮುಂದೆ ದೀಪ ಹಚ್ಚಿದೆ. ಹಚ್ಚಿ ಅಲ್ಲೇ ಕೂತು ಅತ್ತುಬಿಟ್ಟೆ.

ಬರೆಯದೆ ಇದ್ದದ್ದಕ್ಕೆ ಕಾರಣ ಇದೆ. ಅಳಿಯನನ್ನು ಹೆಸರು ಹಿಡಿದು ಕೂಗಿದ್ದಕ್ಕೆ ನಾಚಿಕೆ ಎಂದು ನೀವು ತಿಳಿದಿರಬಹುದು. ಅದು ಅಷ್ಟಕ್ಕಷ್ಟೆ, ಇನ್ನೊಮ್ಮೆ ಆದರೂ ಹಾಗೇ ಕೂಗುತ್ತೇನೆ. ಕಾರಣ ಬೇರೆ. ನಾನು ಅಲ್ಲಿಗೆ ಹೇಗೆ ಬಂದೆ ಎಂದು ಕೇಳಿದ್ದೀರಿ. ಆವತ್ತು ಬೆಳಿಗ್ಗೆ ನಿಮ್ಮ ಹಾಸಿಗೆ ಮಡಿಸಲು ಹೋದೆ. ದಿಂಬು ಎತ್ತಿದರೆ ಗಮ್ಮೆಂದು ಅತ್ತರಿನ ವಾಸನೆ. ಹಿಂದಿನ ದಿನ ಎಣ್ಣೆನೀರು ಹಾಕಿಸಿ, ತಲೆಗೆ ಸಾಂಬ್ರಾಣಿ ಹೊಗೆ ಕೊಡಿಸಿ, ಹೊಸ ಅಳಿಯನೆಂದು ಅಂಗಿಗೂ ಹೆಗಲ ಮೇಲಿನ ವಲ್ಲಿಗೂ ಅತ್ತರು ಬಳಿದು ಕೊಟ್ಟವಳು ನಾನೇ. ಹೆಜ್ಜೇನಿಗೆ ಆ ಘಮಲು ಆಗದು ಎಂಬುದು ನನಗೆ ಚೆನ್ನಾಗಿ ಗೊತ್ತು. ಬೀಡಿ ಬೇಡ ಬೆಂಕಿ ಬೇಡ ಎಂದು ಹಾಳೆ ತುಂಬ ಬರೆದವಳು ಮರ್ಯಾದೆ ಮಾಡುವ ಸಂಭ್ರಮದಲ್ಲಿ ಅದೊಂದನ್ನು ಮರೆತೆ. ದಿಂಬು ಹಿಡಿದು ನಿಂತಾಗ ನೆನಪಾಯಿತು. ಕಂಬಳಿ ಎಳೆದುಕೊಂಡು ಓಡಿದೆ. ತಲೆಯಲ್ಲಿ ಹಬ್ಬದ ಮಲ್ಲಿಗೆ ಇದ್ದದ್ದು ಆಗಲೂ ಮರೆತಿದ್ದೆ, ಅದಕ್ಕೇ ನನ್ನ ಕತ್ತಿಗೂ ಬಂದವು. ಈಗ ವಾಸಿಯಾಗಿದೆ.

ಅನುಸೂಯ ಇನ್ನೊಂದು ವಿಷಯ ಬರೆದಳು. ಅತ್ತರು ಹೊಸಕೋಟೆಯಲ್ಲಿ ನಾನೇ ಕೊಂಡದ್ದು, ನಾನೇ ಹಚ್ಚಿಕೊಂಡದ್ದು ಎಂದು ನಿಮ್ಮ ತಾಯಿಯವರಿಗೆ ಹೇಳಿದ್ದೀರಂತೆ. ನನ್ನನ್ನು ಕಾಯುವುದಕ್ಕೆ ಹೇಳಿದ ಸುಳ್ಳು ಎಂದು ಗೊತ್ತು. ಹೊಟ್ಟೆ ತಣ್ಣಗಾಯಿತು, ಆದರೆ ಬೇಡ. ಈ ಕವರಿನಲ್ಲಿ ಬೀಗಿತ್ತಿಯವರಿಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಅತ್ತರು ನನ್ನದು, ತಪ್ಪು ನನ್ನದು, ಅದಕ್ಕಾಗಿ ಹೆಣ್ಣುಮಗಳ ಬಾಣಂತನ ತಪ್ಪಿಸಬೇಡಿ, ನಿಮ್ಮ ಮಗನನ್ನು ನನ್ನ ಮನೆಯಿಂದ ದೂರ ಮಾಡಬೇಡಿ ಎಂದು ಕೇಳಿಕೊಂಡಿದ್ದೇನೆ. ಒಂದಕ್ಷರ ನುಂಗದೆ ಓದಿ ಹೇಳಿ.

ನೀವು ಮತ್ತೆ ಈ ಮನೆಗೆ ಬರಬೇಕು. ನನಗೆ ಬೇಕಾದ್ದು ಅದೊಂದೇ.

ಕದಿರಮ್ಮ


ಸಮೇತನಹಳ್ಳಿ
೧೯–೬–೧೯೪೬

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಹಾಳೆಯನ್ನು ಬಹಳ ದಿನ ಪುಸ್ತಕದೊಳಗೆ ಇಟ್ಟುಕೊಂಡು ಓಡಾಡಿದೆ. ಓದಿದರೆ ಎರಡು ಮನೆಯ ನಂಟು ಮುರಿಯುತ್ತದೆಂಬ ಭಯ. ಕೊನೆಗೆ ಅನುಸೂಯಳೇ ಹುಡುಕಿ ತೆಗೆದು, "ಇವತ್ತು ಓದದಿದ್ರೆ ನಾನೇ ಓದ್ತೀನಿ" ಎಂದು ಅಮ್ಮನ ಮುಂದೆ ಕೂರಿಸಿದಳು. ಓದಿದೆ.

ಅಮ್ಮ ರಾಗಿ ಕೇರುತ್ತಿದ್ದರು. ನಾನು ಓದಿ ಮುಗಿಸುವವರೆಗೆ ಮೊರ ನಿಲ್ಲಲಿಲ್ಲ. ಆಮೇಲೆ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಸಂಪಿಗೆ ಎಣ್ಣೆಯ ಬಾಟಲಿ. ಅದನ್ನು ನನ್ನ ಮುಂದೆ ಕುಕ್ಕಿ, "ಇದು ಯಾರು ಕೊಟ್ಟಿದ್ದು, ಅದನ್ನೂ ಬರೀ ಆ ಯಮ್ಮಂಗೆ" ಎಂದರು.

ಅತ್ತೆ, ಇದೊಂದು ನಿಮಗೂ ಹೇಳಿರಲಿಲ್ಲ. ಹಬ್ಬಕ್ಕೆ ಹೊರಡುವಾಗ ಅಮ್ಮ ಆ ಬಾಟಲಿ ಕೈಗಿಟ್ಟು, ಬೀಗರ ಮನೆಯಲ್ಲಿ ಒಣತಲೆಯಲ್ಲಿ ತಿರುಗಬೇಡ, ದಿನಾ ಬೆಳಿಗ್ಗೆ ಹಚ್ಚಿಕೋ ಎಂದು ಆಣೆ ಹಾಕಿಸಿಕೊಂಡಿದ್ದರು. ತೊಡಕಿನ ಬೆಳಿಗ್ಗೆ ನನ್ನ ತಲೆಯಲ್ಲಿ ನನ್ನ ತಾಯಿಯ ಸಂಪಿಗೆ, ಮೈಮೇಲೆ ನಿಮ್ಮ ಅತ್ತರು. ಗುಡ್ಡದ ದಾರಿಯಲ್ಲಿ ನನಗೇ ತಲೆ ಸುತ್ತುವಷ್ಟು ಘಮಲು. ತೊರೆಯಲ್ಲಿ ತೊಳೆದುಕೊಳ್ಳೋಣವೆಂದು ಬಗ್ಗಿದೆ. ನೀವು ಬಾಗಿಲ ಸಂದಿಯಿಂದ ಮಾವನವರ ಕೈಗೆ ಅಂಗಿ ಕೊಡುವಾಗ "ಚೆನ್ನಾಗಿ ಕಾಣಿಸ್ತಾರೆ" ಎಂದದ್ದು ನೆನಪಾಯಿತು. ತೊಳೆಯಲಿಲ್ಲ. ಇಬ್ಬರಿಗೂ ತಿಳಿಯಬಾರದೆಂದು ಎಣ್ಣೆಯನ್ನು ನಿಮ್ಮಿಂದ ಮುಚ್ಚಿಟ್ಟೆ, ಅತ್ತರು ನಿಮ್ಮದೆಂಬುದನ್ನು ಅಮ್ಮನಿಂದ ಮುಚ್ಚಿಟ್ಟೆ. ನಾನು ಮುಚ್ಚಿಟ್ಟದ್ದು ಹೆಜ್ಜೇನಿಗೆ ಮಾತ್ರ ತಿಳಿಯಿತು.

ಅಮ್ಮ ಕೆಳಗೆ ಹೇಳಿ ಬರೆಸುತ್ತಿದ್ದಾರೆ.

ಚಿನ್ನಸ್ವಾಮಿ

ಬೀಗಿತ್ತಿ ಕದಿರಮ್ಮಂಗೆ ಬೈರಮ್ಮ ಹೇಳಿ ಬರೆಸೋದು. ಅತ್ತರು ನಿಮ್ದು, ಎಣ್ಣೆ ನಂದು. ಈಗ ಇಬ್ರೂ ಸರಿಸಮ ಆದ್ವಿ. ನಾನು ಎರಡು ತಿಂಗಳಿಂದ ನಿಮ್ಮನ್ನ ಬೈದಿದ್ದೆಲ್ಲ ಅರ್ಧ ನಂಗೇ ಸೇರ್ತದೆ. ಅನುಸೂಯನ್ನ ತಿಂಗಳು ನೋಡಿ ಕರ್ಕೊಂಡ್ ಬರ್ತೀನಿ. ನಾನೇ ಬರ್ತೀನಿ. ನಿಮ್ಮ ಕತ್ತು ನೋಡ್ಬೇಕು. ನನ್ ಮಗನ ಮೇಲೆ ಕಂಬಳಿ ಹಾಕಿದ ಕೈಗೆ ನಾನು ಒಂದು ಜೊತೆ ಬಳೆ ತೊಡಿಸ್ಬೇಕು. (ಇಲ್ಲಿ ಅಮ್ಮ ಕಣ್ಣೀರು ಹಾಕಿದರು. ಅದನ್ನು ಬರೆಯಬೇಡ ಎಂದರು. — ಚಿ.)


ಸಮೇತನಹಳ್ಳಿ
೨೬–೧–೧೯೪೭

ಅತ್ತೆಯವರಿಗೆ ನಮಸ್ಕಾರ.

ಮಗುವನ್ನು ನೋಡಿ ಬಂದಾಗಿನಿಂದ ಕ್ಲಾಸಿನಲ್ಲಿ ಲೆಕ್ಕ ತಪ್ಪುತ್ತಿದೆ. ಹೆಣ್ಣುಮಗು ನಿಮ್ಮನ್ನೇ ಹೋಲುತ್ತದೆ ಎಂದು ಅಮ್ಮನೇ ಹೇಳುತ್ತಿದ್ದಾರೆಂದರೆ ನೀವಿಬ್ಬರು ಎಷ್ಟು ಹೊಂದಿಕೊಂಡಿದ್ದೀರಿ ಎಂದು ತಿಳಿಯಿತು. ಬಾಣಂತನಕ್ಕೆ ಒಬ್ಬರು ಸಾಲದೆಂದು ಅಮ್ಮ ಅಲ್ಲೇ ಉಳಿದದ್ದು ನನಗೆ ಸಮಾಧಾನ, ಇಲ್ಲಿ ನನ್ನ ಅಡಿಗೆ ನಾನೇ ಉಣ್ಣುತ್ತಿದ್ದೇನೆ ಎಂಬುದು ಬೇರೆ ಮಾತು.

ನಾನು ಅರ್ಧ ದಿನಕ್ಕೇ ಎದ್ದು ಬಂದದ್ದು ನಿಮಗೆ ನೋವಾಗಿದೆ ಎಂದು ಅನುಸೂಯ ಬರೆದಿದ್ದಾಳೆ. ಸತ್ಯ ಹೇಳುತ್ತೇನೆ. ನಿಮ್ಮ ಜಗುಲಿಯಲ್ಲಿ ಕೂತರೆ ಹದ್ದುಬಂಡೆ ಎದುರಿಗೇ ಕಾಣುತ್ತದೆ. ನನಗೆ ಕೂರಲಾಗಲಿಲ್ಲ. ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡದ್ದು ಚಳಿಗಲ್ಲ. ಸ್ಕೂಲಿನ ಕಿಟಕಿಯಲ್ಲಿ ಒಂದು ದುಂಬಿ ಬಂದರೂ ಕೈಯಿಂದ ಸೀಮೆಸುಣ್ಣ ಜಾರುತ್ತದೆ, ಹುಡುಗರು ನಗುತ್ತಾರೆ. ಕೆರೆ ಏರಿಗೂ ಹೋಗಿ ಬಹಳ ದಿನವಾಯಿತು. ಈ ಯುಗಾದಿಗೆ ಮಾವನವರೇ ಅನುಸೂಯಳನ್ನೂ ಮಗುವನ್ನೂ ಅಮ್ಮನನ್ನೂ ಕರೆತಂದು ಬಿಟ್ಟರೆ ಸಾಕು. ನನ್ನನ್ನು ಕರೆಯಬೇಡಿ.

ಅಮ್ಮ ವಾಡೆಯಿಂದ ತೆಗೆದುಕೊಟ್ಟ ದುರ್ಬೀನನ್ನು ನಿಮ್ಮ ಹಜಾರದ ಗೂಟಕ್ಕೆ ನೇತುಹಾಕಿ ಬಂದಿದ್ದೇನೆ, ಮರೆತದ್ದಲ್ಲ. ಮಾವನವರು ಹೊಲದ ಗಿಳಿ ಕಾಯುವುದಕ್ಕೆ ಇಟ್ಟುಕೊಳ್ಳಲಿ.

ಚಿನ್ನಸ್ವಾಮಿ


ದೊಡ್ಡಬೆಳವಂಗಲ
೨–೩–೧೯೪೭

ಅಳಿಯಂದಿರಿಗೆ ಕದಿರಮ್ಮನ ಆಶೀರ್ವಾದ. ಮಗು ಈಗ ಮುಖ ನೋಡಿ ನಗುತ್ತಾಳೆ. ನೀವು ನೋಡಬೇಕು.

ನಿಮ್ಮ ಮಾವನವರು ದುರ್ಬೀನನ್ನು ಒಂದು ದಿನ ತಿರುಗಾಮುರುಗಾ ಹಿಡಿದು ನೋಡಿ, "ಗಿಳಿ ಎಲ್ಲಾ ತುಮಕೂರಿಗೆ ಹೋದಂಗೆ ಕಾಣ್ತವೆ" ಎಂದು ಗೂಟಕ್ಕೆ ಹಾಕಿಬಿಟ್ಟರು. ಅದು ಅಲ್ಲಿ ನೇತಾಡುವುದನ್ನು ದಿನಾ ನೋಡಿ ನನಗೆ ಸಂಕಟವಾಗುತ್ತಿತ್ತು. ನನ್ನ ಮನೆಗೆ ಬಂದು ಒಬ್ಬ ಮನುಷ್ಯ ತನಗೆ ಬೇಕಾದ್ದನ್ನು ಬಿಟ್ಟುಹೋದ ಎಂದರೆ ನಾನು ಹೇಗೆ ಸುಮ್ಮನಿರಲಿ?

ಅದಕ್ಕೇ ಹೋದ ಶುಕ್ರವಾರ ನಾನೇ ಹದ್ದುಬಂಡೆ ಹತ್ತಿದೆ.

ಹೊರಡುವ ಮುಂಚೆ ಬರೀ ಸೀಗೆಯಲ್ಲಿ ತಲೆ ತೊಳೆದುಕೊಂಡೆ. ಎಣ್ಣೆ ಹಾಕಲಿಲ್ಲ. ಆಮೇಲೆ ಅಭ್ಯಾಸಬಲದಿಂದ ಹೂ ಮುಡಿದೆ, ಅದನ್ನೂ ತೆಗೆಯಬೇಕಲ್ಲ ಎಂದು ನೆನಪಾಯಿತು. ಮುತ್ತೈದೆ ಮುಡಿದ ಹೂ ತೆಗೆದಿಟ್ಟು ಹೊಸ್ತಿಲು ದಾಟಬಾರದೆಂದು ನಮ್ಮಮ್ಮ ಹೇಳಿಕೊಟ್ಟದ್ದು. ಮದುವೆಯಾದಾಗಿನಿಂದ ನಾನು ಬರೀ ತಲೆಯಲ್ಲಿ ಹೊರಗೆ ಹೋದವಳಲ್ಲ. ಕೈ ಮುಡಿಗೆ ಹೋಗಿ ಹೋಗಿ ಹಿಂದೆ ಬರುತ್ತಿತ್ತು. ಬೀಗಿತ್ತಿಯವರು ತೊಟ್ಟಿಲ ಹತ್ತಿರ ಕೂತು ನೋಡುತ್ತಿದ್ದರು. ಅವರು ಎಷ್ಟೋ ವರ್ಷದ ಹಿಂದೆ ಹೂ ಬಿಟ್ಟವರು. ಅವರೇ ಹೇಳಿದರು. "ತುಳಸಿ ಮುಂದೆ ಇಟ್ಟು ಹೋಗ್ಬನ್ನಿ. ಬಾಡದಂಗೆ ನಾನು ನೀರು ಚಿಮುಕಿಸ್ತೀನಿ." ಇಟ್ಟು ಹೊರಟೆ. ನಿಮ್ಮ ಮಾವನವರು ಇದೇನು ಹುಚ್ಚೆಂದು ಗೊಣಗುತ್ತಲೇ ಕಂಬಳಿ ಹೆಗಲಿಗೆ ಹಾಕಿಕೊಂಡು ಹಿಂದೆ ಬಂದರು.

ಚಾಚುಬಂಡೆಯ ಹತ್ತಿರಕ್ಕೆ ನಾವು ಹೋಗಲಿಲ್ಲ. ಹೆಜ್ಜೇನು ಈ ವರ್ಷವೂ ಇದೆ. ಕಣಿವೆಯ ಈಚೆ ದಡದಲ್ಲಿ ನೆಲ್ಲಿಮರದ ಕೆಳಗೆ ಹಾಸುಬಂಡೆಯಿದೆ, ದನ ಕಾಯುವವರು ಕೂರುವ ಜಾಗ. ಕೋಲಿನಿಂದ ಬಡಿದು ನೋಡಿ ಅ‌ಲ್ಲೇ ಕೂತೆವು. ದುರ್ಬೀನು ಕಣ್ಣಿಗಿಟ್ಟು ತಿರುಗಿಸಿದೆ. ಮೊದಲು ಮಂಜು ಮಂಜು, ಆಮೇಲೆ ಬಂಡೆ ಪಕ್ಕಕ್ಕೇ ಬಂದಿತು. ಒಂದೊಂದು ಜೇನು ಕೂಡ ಕಂಡಿತು. ಒಂದಕ್ಕೂ ನಾವು ಅಲ್ಲಿರುವುದು ತಿಳಿಯದು. ದೂರದಿಂದ ನೋಡುವುದಕ್ಕೆಂದು ಮಾಡಿದ್ದನ್ನು ಕತ್ತಿಗೆ ಹಾಕಿಕೊಂಡು ಅಷ್ಟು ಹತ್ತಿರ ಯಾಕೆ ಹೋಗಿದ್ದಿರಿ ಮೇಷ್ಟರೇ?

ಹುಟ್ಟುಗಳಿಂದ ಮೇಲೆ, ಬಲಕ್ಕೆ, ಒಂದು ಕಲ್ಲಿನ ತಟ್ಟೆಯಿದೆ. ಅಲ್ಲಿ ಕಡ್ಡಿಯ ಗೂಡು. ನೀವು ಕಂಡದ್ದು ಸುಳ್ಳಲ್ಲ. ಗೂಡಿನಲ್ಲಿ ಒಂದು ಮರಿ ಇದೆ, ಬಿಳಿ ತುಪ್ಪಳದ್ದು. ಹೊತ್ತು ಏರಿ ಬಂಡೆ ಕಾಯುತ್ತಿತ್ತು. ಮರಿ ಬಾಯಿ ತೆರೆದು ಏದುತ್ತಿತ್ತು. ಆಗ ತಾಯಿ ಎಲ್ಲಿಂದಲೋ ಬಂದು ಗೂಡಿನಂಚಿಗೆ ಇಳಿದು, ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಎರಡನ್ನೂ ಅಗಲಿಸಿ ಮರಿಯ ಮೇಲೆ ನೆರಳು ಮಾಡಿ ನಿಂತಿತು. ಬೇಟೆಗೂ ಹೋಗಲಿಲ್ಲ, ರೆಕ್ಕೆ ಮಡಚಲೂ ಇಲ್ಲ. ನಾನು ನೋಡುತ್ತಲೇ ಇದ್ದೆ. ನಿಮ್ಮ ಮಾವನವರು ಕೇಳಿ ಕೇಳಿ ಸಾಕಾಗಿ ದುರ್ಬೀನು ಕಿತ್ತುಕೊಂಡು ನೋಡಿದರು. ಅವರೂ ಮಾತಾಡಲಿಲ್ಲ, ಅವರು ಮಾತಾಡದಿರುವುದು ಹೊಸದಲ್ಲ, ಆದರೆ ಕಣ್ಣೊರೆಸಿಕೊಂಡದ್ದು ಹೊಸದು.

ಇಷ್ಟು ಬರೆಯಲು ನನಗೆ ಬಂತು. ಚಿತ್ರ ಬರೆಯಲು ಬರುವುದಿಲ್ಲ. ಯುಗಾದಿಯ ಹೊತ್ತಿಗೆ ಮರಿಗೆ ಗರಿ ಬಂದುಬಿಡುತ್ತದೆ, ಆಮೇಲೆ ಹಾರಿಹೋಗುತ್ತದೆ. ನಿಮಗೆ ಭಯವಿದ್ದರೆ ಇರಲಿ, ಭಯ ಇಟ್ಟುಕೊಂಡೇ ಬನ್ನಿ. ನಾನು ಪಕ್ಕದಲ್ಲಿ ಕೂರುತ್ತೇನೆ. ಕಂಬಳಿ ತರುತ್ತೇನೆ. ನಾವು ಮನೆಗೆ ಬಂದಾಗ ತುಳಸಿ ಮುಂದಿನ ಹೂವು ಒಂದೆಸಳೂ ಬಾಡಿರಲಿಲ್ಲ. ಬೀಗಿತ್ತಿಯವರೇ ಎತ್ತಿ ನನ್ನ ಕೈಗಿಟ್ಟರು, ಮುಡಿದುಕೊಂಡೆ.

ನಿಮ್ಮ ದಾರಿ ನೋಡುವ
ಕದಿರಮ್ಮ


ಸಮೇತನಹಳ್ಳಿ
೧೦–೩–೧೯೪೭

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಇಂಟರ್‌ವೆಲ್ಲಿನಲ್ಲಿ ಓದಿದೆ. ಮುಂದಿನ ಪೀರಿಯಡ್ಡಿಗೆ ಹೋಗಲಿಲ್ಲ.

ಬರುತ್ತೇನೆ. ಹಬ್ಬದ ಹಿಂದಿನ ದಿನವೇ ಬರುತ್ತೇನೆ, ಒಣತಲೆಯಲ್ಲಿ, ಸಾಧಾರಣ ಅಂಗಿಯಲ್ಲಿ. ಮೊದಲು ನೆಲ್ಲಿಮರದ ಬಂಡೆ. ಎಣ್ಣೆನೀರು, ಸಾಂಬ್ರಾಣಿ, ಅಮ್ಮನ ಸಂಪಿಗೆ, ನಿಮ್ಮ ಅತ್ತರು ಎಲ್ಲ ಗುಡ್ಡ ಇಳಿದ ಮೇಲೆ. ಆಗ ಇಬ್ಬರೂ ಸೇರಿ ಎಷ್ಟು ಬೇಕಾದರೂ ಹಚ್ಚಿ, ನಾನು ಕೂತಲ್ಲಿಂದ ಏಳುವುದಿಲ್ಲ.

ಹೆದರಿಕೆ ಹೋಗಿಲ್ಲ. ಇದನ್ನು ಬರೆಯುವಾಗಲೂ ಕಿಟಕಿ ಮುಚ್ಚಿದೆ. ಗುಡ್ಡದ ಬುಡದಲ್ಲಿ ನಾನು ತಿರುಗಿ ಓಡಿಬಿಡಬಹುದು. ಹಾಗೇನಾದರೂ ಆದರೆ ಆವತ್ತು ಗದರಿದ ಹಾಗೇ ಹೆಸರು ಹಿಡಿದು ಕೂಗಿ ಗದರಿಬಿಡಿ. ಮಾವನವರ ಬಾಯಲ್ಲಿ ಹೇಳಿ ಕಳಿಸಬೇಡಿ.

ನಿಮ್ಮ ಮಗ,
ಚಿನ್ನಸ್ವಾಮಿ